ನಾಣ್ಯ ತೊಳೆಯುವ ಕಿಟ್: ತಕ್ಕಡಿ ಇಟ್ಟುಕೊಳ್ಳಿ, ಬಾಟಲಿ ಪಕ್ಕಕ್ಕಿಡಿ

ಮೆಟಲ್ ಡಿಟೆಕ್ಟರ್ ಹುಡುಕಿದವರಿಗೆಲ್ಲ ಆನ್‌ಲೈನ್ ಅಂಗಡಿ ಅದರ ಪಕ್ಕದಲ್ಲೇ ಇನ್ನೊಂದು ಡಬ್ಬಿ ತೋರಿಸುತ್ತದೆ: ಹಳೇ ನಾಣ್ಯ ಗುರುತಿಸಿ ತೊಳೆಯುವ ಕಿಟ್. ಹೆಸರು ಹಲವು, ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಒಂದು ಪಾಕೆಟ್ ತಕ್ಕಡಿ, ಒಂದು ಮಡಚುವ ಲೂಪ್ ಅಂದರೆ ಭೂತಗನ್ನಡಿ, ಅಗಲ ಅಳೆಯುವ ಪ್ಲಾಸ್ಟಿಕ್ ವರ್ನಿಯರ್, ಒಂದು ಹಿತ್ತಾಳೆ ಬ್ರಶ್, ಒಂದು ನೈಲಾನ್ ಬ್ರಶ್, ಬಣ್ಣದ ದ್ರವದ ಬಾಟಲಿ, ಹೊಳಪಿನ ಬಟ್ಟೆ, ಒಂದು ಜೊತೆ ಕೈಗವಸು, ನಾಣ್ಯ ಹಾಕಿಡಲು ಮೆತ್ತನೆಯ ಪ್ಲಾಸ್ಟಿಕ್ ಚೀಲಗಳು. ದೊಡ್ಡ ಕಿಟ್ಟಿನಲ್ಲಿ ಇದರ ಜೊತೆಗೆ ಅಲ್ಟ್ರಾಸಾನಿಕ್ ಯಂತ್ರ. ದಾವಣಗೆರೆಯ ಎರೆ ಹೊಲದಲ್ಲೋ, ಚಿತ್ರದುರ್ಗ ಕಡೆಯ ಕೆಂಪು ಮಸಾರಿಯಲ್ಲೋ, ಹಳೇ ಮನೆ ಕೆಡವಿದಾಗಲೋ ಸಿಕ್ಕ ನಾಣ್ಯಕ್ಕೆ ಈ ಡಬ್ಬಿಯಲ್ಲಿ ಏನು ಉಪಯೋಗ, ಏನು ಅಪಾಯ ಎಂಬುದಷ್ಟೇ ಈ ವಿಮರ್ಶೆ. ಗುರುತಿಸುವ ಸಾಮಾನಿಗೆ ಐದಕ್ಕೆ ನಾಲ್ಕು ಅಂಕ, ತೊಳೆಯುವ ಸಾಮಾನಿಗೆ ಐದಕ್ಕೆ ಒಂದು. ಆ ಒಂದೂ ನೈಲಾನ್ ಬ್ರಶ್ಶಿಗೆ.

ತಕ್ಕಡಿಯಿಂದಲೇ ಶುರು ಮಾಡಬೇಕು, ಯಾಕೆಂದರೆ ಕಿಟ್ಟಿನ ಬೆಲೆ ಬಾಳುವುದು ಇದೊಂದೇ. 0.01 ಗ್ರಾಂ ತೋರಿಸುವ, 200 ಇಲ್ಲವೇ 500 ಗ್ರಾಂ ತಡೆಯುವ ಚಪ್ಪಟೆ ಯಂತ್ರ. ಬಿಡಿಯಾಗಿಯೂ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಡಬ್ಬಿ ಒಡೆದ ಕೂಡಲೇ ಅದು ಹೇಳಿದ್ದನ್ನೆಲ್ಲ ನಂಬಬೇಡಿ. ಪರೀಕ್ಷೆಗೆ ಜೇಬಿನಲ್ಲೇ ತೂಕದ ಬೊಟ್ಟುಗಳಿವೆ: 2011ರಿಂದ 2018ರವರೆಗಿನ ಸರಣಿಯ 1 ರೂಪಾಯಿ 3.79 ಗ್ರಾಂ, 5 ರೂಪಾಯಿ 6.00 ಗ್ರಾಂ, 10 ರೂಪಾಯಿ 7.71 ಗ್ರಾಂ. ಮೂರನ್ನೂ ಒಟ್ಟಿಗೆ ಇಟ್ಟರೆ 17.50. ಸವೆಯದ ನಾಣ್ಯಗಳಲ್ಲಿ 0.2 ಗ್ರಾಂ ಆಚೀಚೆ ಬಂದರೆ ಸರಿ. ಅದಕ್ಕಿಂತ ಹೆಚ್ಚಾದರೆ ಅಕ್ಕಸಾಲಿಗರ ಹತ್ತಿರ ಇರುವ 100 ಅಥವಾ 200 ಗ್ರಾಂ ಬೊಟ್ಟಿನಿಂದ ಕ್ಯಾಲಿಬ್ರೇಟ್ ಮಾಡಿಸಿ. 2019ರ ಸರಣಿಯ ನಾಣ್ಯ ಬೆರೆಸಬೇಡಿ. ಅದರ ತೂಕವೇ ಬೇರೆ: 1 ರೂಪಾಯಿ 3.09, 5 ರೂಪಾಯಿ 6.74.

ಈ ತಕ್ಕಡಿಗಳಲ್ಲಿ ಎರಡು ತೊಂದರೆ. ಫ್ಯಾನ್ ತಿರುಗುತ್ತಿದ್ದರೆ ಕೊನೆಯ ಅಂಕಿ ಕುಣಿಯುತ್ತದೆ, ಬ್ಯಾಟರಿ ಇಳಿದಾಗ ತೂಕ ಸರಿಯುತ್ತದೆ. ಇದು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಇನ್ನೊಂದು: ಸೊನ್ನೆಯ ಹತ್ತಿರದ ಸಣ್ಣ ತೂಕವನ್ನು ಯಂತ್ರ ಗಾಳಿಯ ಅಲುಗಾಟ ಎಂದುಕೊಂಡು ತಾನೇ ಸೊನ್ನೆಗೆ ಎಳೆದುಬಿಡುತ್ತದೆ. ಮೈಸೂರು ಒಡೆಯರ ಕಂಠೀರಾಯ ಹಣದಂಥ ಮೂರು ಗುಲಗಂಜಿಯಷ್ಟೂ ತೂಗದ ಚಿನ್ನದ ಕಾಳನ್ನು, ಅಂದರೆ ಸುಮಾರು 0.35 ಗ್ರಾಂ ಇರುವುದನ್ನು, ಬರಿ ತಟ್ಟೆಯ ಮೇಲೆ ಮೆಲ್ಲಗೆ ಇಟ್ಟರೆ ಯಂತ್ರ ತಪ್ಪು ಹೇಳಬಹುದು. ಮೊದಲು 1 ರೂಪಾಯಿ ಇಟ್ಟು ಅಂಕಿ ಬರೆದುಕೊಳ್ಳಿ, ಸೊನ್ನೆ ಮಾಡಬೇಡಿ, ಅದರ ಮೇಲೆ ಚಿನ್ನದ ಕಾಳು ಇಡಿ, ಮೊದಲಿನ ಅಂಕಿ ಕಳೆಯಿರಿ.

ತಕ್ಕಡಿ ಇದ್ದರೆ ಲೋಹವನ್ನೂ ಪತ್ತೆ ಹಚ್ಚಬಹುದು. ಕಿಟ್ಟಿನ ಜೊತೆ ಬರುವ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ. ಒಂದು ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ಆದರೆ ತಳಕ್ಕೂ ಗೋಡೆಗೂ ತಾಗದಂತೆ ಕೈಯಲ್ಲಿ ತೂಗಾಡಿಸಿ ಹಿಡಿಯಿರಿ. ಈಗ ಕಾಣುವ ಅಂಕಿ ನಾಣ್ಯ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ. 11.66 ಗ್ರಾಂ ತೂಗುವ ವಿಕ್ಟೋರಿಯಾ ರೂಪಾಯಿ ಶೇ 91.7 ಬೆಳ್ಳಿ, ನೀರಿನಲ್ಲಿ 1.13 ತೋರಿಸಬೇಕು, ಅಂದರೆ 10.3. ಅದೇ ತೂಕದ 1940-45ರ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ; 1.22ರ ಹತ್ತಿರ ಬರುತ್ತದೆ. 1.36 ತೋರಿಸಿತೋ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರಿನ ನಕಲು. 1947ರ ರೂಪಾಯಿ ನಿಕ್ಕಲ್ಲಿನದು. ನೀರೇ ಬೇಡ, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ತಾಮ್ರ 8.9, ಸೀಸ 11.3, ಅಪ್ಪಟ ಚಿನ್ನ 19.3. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ಹಾಳು. ನೀರಿಗೆ ಒಂದು ಹನಿ ಪಾತ್ರೆ ಸೋಪು ಬಿಟ್ಟರೆ ಗುಳ್ಳೆ ನಿಲ್ಲುವುದಿಲ್ಲ.

ಸಣ್ಣ ನಾಣ್ಯಕ್ಕೆ ಈ ಲೆಕ್ಕ ಒರಟು. ವಿಜಯನಗರದ ವರಾಹ ಸುಮಾರು 3.4 ಗ್ರಾಂ, ನೀರಿನಲ್ಲಿ 0.19 ಅಥವಾ 0.20. ಆ ಒಂದು ಅಂಕಿಯ ಅಲುಗಾಟದಲ್ಲೇ ಸಾಂದ್ರತೆ 17.9ರಿಂದ 17.0ಕ್ಕೆ ಇಳಿಯುತ್ತದೆ. ಎಷ್ಟು ಕ್ಯಾರಟ್ ಎಂದು ಇದರಿಂದ ಹೇಳಲಾಗದು. ಆದರೆ ತಾಮ್ರದ ಮೇಲೆ ಚಿನ್ನದ ನೀರು ಹಾಯಿಸಿದ್ದಾದರೆ 0.38 ತೋರಿಸುತ್ತದೆ, ಅಲ್ಲಿ ಸಂಶಯಕ್ಕೆ ಜಾಗವಿಲ್ಲ.

ಲೂಪ್ ಮೇಲೆ 30 ಪಟ್ಟು ಎಂದು ಕೊರೆದಿರುತ್ತಾರೆ, ನಿಜಕ್ಕೆ ಹತ್ತರ ಆಸುಪಾಸು. ಬೇಸರ ಬೇಡ, ನಾಣ್ಯಕ್ಕೆ ಹತ್ತು ಪಟ್ಟೇ ಸಾಕು. 60 ಪಟ್ಟಿನದರಲ್ಲಿ ಒಂದು ಅಕ್ಷರದ ಮೂಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದರ ಎಲ್‌ಇಡಿ ದೀಪವನ್ನು ಆರಿಸಿ. ನೇರ ಬೆಳಕಿನಲ್ಲಿ ಸವೆದ ಅಕ್ಷರ ಮಾಯ. ಮೊಬೈಲ್ ಟಾರ್ಚನ್ನು ಪಕ್ಕದಿಂದ, ನೆಲಕ್ಕೆ ಒರಗಿದ ಹಾಗೆ ಹಿಡಿದು ನಾಣ್ಯವನ್ನು ಮೆಲ್ಲಗೆ ತಿರುಗಿಸಿದರೆ ತೊಳೆಯದೆಯೇ ಅರ್ಧ ಓದಬಹುದು. ಎಷ್ಟೋ ನಾಣ್ಯಕ್ಕೆ ಇದಾದ ಮೇಲೆ ತೊಳೆಯುವ ಅಗತ್ಯವೇ ಇರುವುದಿಲ್ಲ. ವರ್ನಿಯರ್ ಪ್ಲಾಸ್ಟಿಕ್ಕಿನದು, 0.1 ಮಿಲಿಮೀಟರಿಗಿಂತ ಸೂಕ್ಷ್ಮ ಅಲ್ಲ. ಆದರೂ ಉಕ್ಕಿನದಕ್ಕಿಂತ ಇದೇ ಮೇಲು, ಚಿನ್ನದ ಅಂಚು ಗೀರುವುದಿಲ್ಲ.

ಇನ್ನು ಈ ಭಾಗದಲ್ಲಿ ಏನೇನು ಸಿಗುತ್ತದೆ ಎಂಬುದು. ಕಿಟ್ಟಿನ ಚೀಟಿ ರೋಮನ್, ಬ್ರಿಟಿಷ್ ನಾಣ್ಯಗಳ ಚಿತ್ರ ಹಾಕಿ ಕೈತೊಳೆದುಕೊಳ್ಳುತ್ತದೆ. ನಮ್ಮ ಕಡೆ ಅತಿ ಹೆಚ್ಚು ಬರುವುದು ಕಂಪನಿಯ ಮತ್ತು ರಾಣಿಯ ಕಾಲು ಆಣೆ. 1835ರ ಕಾಲು ಆಣೆ ತಾಮ್ರ, 6.48 ಗ್ರಾಂ, ಅರ್ಧ ಆಣೆ ಅದರ ಎರಡರಷ್ಟು. 1906ರಿಂದ ಕಾಲು ಆಣೆಯನ್ನು ಕಂಚಿಗೆ ಬದಲಿಸಿ 4.86 ಗ್ರಾಂಗೆ ಇಳಿಸಿದರು. ಹೀಗಾಗಿ ಇಸವಿ ಅಳಿಸಿಹೋಗಿದ್ದರೂ ತೂಕ ನೋಡಿ 1906ರ ಹಿಂದಿನದೋ ಮುಂದಿನದೋ ಹೇಳಬಹುದು. ನಡುವೆ ತೂತಿರುವ ಒಂದು ಪೈಸೆ 1943ರಿಂದ 47ರದು, ಸುಮಾರು 2 ಗ್ರಾಂ.

ಆನೆ ಇದ್ದರೆ ಎಚ್ಚರವಾಗಿ ನೋಡಿ. ಟಿಪ್ಪುವಿನ ತಾಮ್ರದ ಪೈಸೆ ಸುಮಾರು 11 ಗ್ರಾಂ, ಜೋಡಿ ಪೈಸೆ 22ರಿಂದ 23, ಅರ್ಧ ಪೈಸೆ ಐದೂವರೆ, ಕೆಳಗೆ ಕಾಲು ಮತ್ತು ಅರೆಕಾಲು. ಒಂದು ಬದಿ ಆನೆ, ಇನ್ನೊಂದು ಬದಿ ಪಾರಸಿಯಲ್ಲಿ ಟಂಕಸಾಲೆಯ ಹೆಸರು. ಹೆಚ್ಚಿನವು ಪಟ್ಟಣದವು, ಅಂದರೆ ಶ್ರೀರಂಗಪಟ್ಟಣದವು, ನಗರದವೂ, ಅಂದರೆ ಬಿದನೂರಿನವೂ ಬರುತ್ತವೆ. ಫರ್ರುಖ್‌ಯಾಬ್ ಹಿಸಾರ್ ಎಂದು ಕಂಡರೆ ಅದು ನಮ್ಮ ದುರ್ಗವೇ. 1779ರಲ್ಲಿ ಹೈದರ್ ಕೋಟೆ ಹಿಡಿದ ಮೇಲೆ ಟಿಪ್ಪು ಚಿತ್ರದುರ್ಗಕ್ಕೆ ಇಟ್ಟ ಹೆಸರು. ಇಸವಿ ಓದುವಾಗ ತಿಳಿದವರೂ ಎಡವುತ್ತಾರೆ. ಮೊದಲ ವರ್ಷಗಳವು ಹಿಜರಿ, ಆಮೇಲಿನವು ಟಿಪ್ಪುವೇ ತಂದ ಮೌಲೂದಿ ಶಕೆ, 1215ರಿಂದ ಮುಂದಕ್ಕೆ. ಮೌಲೂದಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿ 5121 ಎಂದು ತಲೆ ಕೆರೆದುಕೊಳ್ಳುವವರಿದ್ದಾರೆ.

ಆನೆಯೋ ಸಿಂಹವೋ ಇದ್ದು, ಹಿಂದೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಅದರ ಜೊತೆ ಇಂಗ್ಲಿಷಿನ ಕ್ಯಾಶ್ ಎಂಬ ಪದವೂ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು. ಹಿಂಬದಿ ಬರೀ ಅಡ್ಡ-ಉದ್ದ ಗೆರೆಗಳ ಚೌಕಳಿ, ಮುಂದೆ ಒಂದು ಕನ್ನಡ ಅಂಕಿ ಇರುವ ಸಣ್ಣ ದಪ್ಪ ತಾಮ್ರದ ಕಾಸು ಮೈಸೂರಿನ ಹಳೆಯದು. ನಾಗರಿಯಲ್ಲಿ ‘ಶ್ರೀ ರಾಜಾ ಶಿವ’, ಹಿಂದೆ ‘ಛತ್ರಪತಿ’ ಇದ್ದರೆ ಶಿವರಾಯಿ. ಮರಾಠರ ಕಾಲದಲ್ಲಿ ಹಲವು ಕಡೆ ಹೊಡೆದದ್ದರಿಂದ ತೂಕ ಒಂದೇ ಸಮ ಇರುವುದಿಲ್ಲ, ಅಕ್ಷರವೂ ಅರ್ಧ ಬಿಲ್ಲೆಯಾಚೆ ಬಿದ್ದಿರುತ್ತದೆ.

ಹನುಮಂತ, ಕಮಲ, ಓಂ, ರಾಮಪಟ್ಟಾಭಿಷೇಕದ ಚಿತ್ರದ ಜೊತೆ ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1616 ಅಥವಾ 1818 ಎಂದಿದ್ದರೆ ಎರಡನೇ ಸಲ ನೋಡುವುದೂ ಬೇಡ. ಕಂಪನಿ ಅಂಥದ್ದನ್ನು ಹೊಡೆಸಿಲ್ಲ, ಜಾತ್ರೆಯ ಬಿಲ್ಲೆ. ಇವಕ್ಕೆ ಅಕ್ಕಿ ಎಳೆಯುವ ಶಕ್ತಿ ಇದೆ, ಕೋಟಿ ಬೆಲೆ ಇದೆ ಎಂದು ಫೋನ್ ಮಾಡುವವರ ಹತ್ತಿರ ಮಾತು ಬೆಳೆಸಬೇಡಿ. ಕಬ್ಬಿಣದ ಚೂರು ಮೆತ್ತಿದ ಅಕ್ಕಿಯನ್ನು ಅಯಸ್ಕಾಂತ ಎಳೆಯುತ್ತದೆ ಅಷ್ಟೇ.

ಈಗ ಬಾಟಲಿ. ಲೇಬಲ್ಲಿನಲ್ಲಿ ಎಲ್ಲ ಲೋಹಕ್ಕೂ ಎಂದಿದೆ, ಒಳಗೆ ಏನಿದೆ ಎಂದು ಬರೆದಿಲ್ಲ. ಇಷ್ಟು ಸಾಕು ಅದನ್ನು ಮುಟ್ಟದಿರಲು. ಬೆಳ್ಳಿಗೆಂದು ಮಾರುವ ಅದ್ದುವ ದ್ರವಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತದೆ. ಟಂಕಸಾಲೆಯ ಬೆಳ್ಳಿ ರೂಪಾಯಿಯ ಕಪ್ಪನ್ನು ಎರಡು ಮೂರು ಸೆಕೆಂಡಿನಲ್ಲಿ ತೆಗೆಯುತ್ತದೆ, ಹೌದು. ಆದರೆ ಪ್ರತಿ ಅದ್ದುವಿಕೆಯಲ್ಲೂ ಬೆಳ್ಳಿಯ ಮೇಲ್ಮೈ ಒಂದಿಷ್ಟು ಹೋಗುತ್ತದೆ, ನಾಲ್ಕನೇ ಸಲಕ್ಕೆ ರೂಪಾಯಿ ಸುಣ್ಣ ಹೊಡೆದ ಗೋಡೆಯ ಹಾಗೆ ಕಳೆ ಕಳೆದುಕೊಳ್ಳುತ್ತದೆ. ನೆಲದಿಂದ ಬಂದ ತಾಮ್ರಕ್ಕೆ ಇದನ್ನು ಹಾಕಿದರೆ ಹಸಿರು ಪದರ ಕರಗಿ, ಗುಂಡಿ ಬಿದ್ದ ಎಳೆಗುಲಾಬಿ ಬಣ್ಣದ ಹಸಿ ತಾಮ್ರ ಹೊರಬರುತ್ತದೆ. ಅಕ್ಷರ ಉಳಿದಿದ್ದದ್ದೇ ಆ ಹಸಿರು ಪದರದಲ್ಲಿ. ನೂರಾರು ವರ್ಷ ಮಣ್ಣಿನಲ್ಲಿದ್ದ ನಾಣ್ಯದ ಮೂಲ ಮೇಲ್ಮೈ ಲೋಹವಾಗಿ ಉಳಿದಿರುವುದಿಲ್ಲ. ಕಿಲುಬಾಗಿ ಮಾರ್ಪಟ್ಟು ಅದೇ ಆಕಾರವನ್ನು ಹಿಡಿದುಕೊಂಡಿರುತ್ತದೆ. ಕಿಲುಬು ಕಿತ್ತರೆ ಆನೆಯೂ ಹೋಯಿತು, ಟಂಕಸಾಲೆಯೂ ಹೋಯಿತು.

ಹುಣಸೆಹಣ್ಣು, ನಿಂಬೆ, ಪಾತ್ರೆ ಉಜ್ಜುವ ಪುಡಿ ಮಾಡುವುದೂ ಇದನ್ನೇ, ಮರಳು ಬೆರೆತು ಇನ್ನೂ ಒರಟಾಗಿ. ದೀಪಾವಳಿಗೆ ಲಕ್ಷ್ಮಿಯ ಮುಂದಿಡುವ ಬೆಳ್ಳಿ ರೂಪಾಯಿಗಳನ್ನು ವರ್ಷವರ್ಷ ಹುಣಸೆಹಣ್ಣು ಹಾಕಿ ತಿಕ್ಕುವ ಮನೆಗಳಲ್ಲಿ ರಾಣಿಯ ಮೂಗು ಎಲ್ಲಿದೆ ಎಂದು ಹುಡುಕಬೇಕು. ಪೂಜೆಗೆ ಬೇರೆ ನಾಲ್ಕು ರೂಪಾಯಿ ಇಟ್ಟುಕೊಳ್ಳುವುದು ಒಳ್ಳೆಯದು.

ಹಿತ್ತಾಳೆ ಬ್ರಶ್ಶನ್ನು ಗ್ಯಾಸ್ ಒಲೆಯ ಬರ್ನರ್ ಉಜ್ಜಲು ಕೊಡಿ. ಬೆಳ್ಳಿ, ಚಿನ್ನಕ್ಕೆ ಗೀರು ಬೀಳಿಸುವುದಲ್ಲದೆ ತನ್ನ ಹಳದಿಯನ್ನೂ ಅಂಟಿಸಿ ಹೋಗುತ್ತದೆ. ಹೊಳಪಿನ ಬಟ್ಟೆಯಲ್ಲಿ ಉಜ್ಜುವ ಪುಡಿ ಬೆರೆಸಿರುತ್ತಾರೆ. ಬೆಳ್ಳಿ ಲೋಟಕ್ಕೆ ಸರಿ, ನಾಣ್ಯಕ್ಕಲ್ಲ. ಕೈಗವಸು ಪುಡಿ ಹಾಕಿದ ಲೇಟೆಕ್ಸಿನದು. ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಪುಡಿಯಿಲ್ಲದ ನೈಟ್ರೈಲ್ ಕೈಗವಸು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ.

ಬದಲಿಗೆ ಏನು ಬೇಕೋ ಅದೆಲ್ಲ ದಾವಣಗೆರೆಯಲ್ಲೇ ಒಂದು ಸುತ್ತು ಹೊಡೆದರೆ ಸಿಗುತ್ತದೆ, ನಡುವೆ ಬೆಣ್ಣೆ ದೋಸೆಗೆ ಕೂತರೂ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ 5 ಲೀಟರ್ ಕ್ಯಾನ್. ಅದೇ ಅಂಗಡಿಯಲ್ಲಿ ಅದೇ ಥರದ ಕ್ಯಾನಿನಲ್ಲಿ ಬ್ಯಾಟರಿ ಆ್ಯಸಿಡ್ಡನ್ನೂ ಇಟ್ಟಿರುತ್ತಾರೆ, ಲೇಬಲ್ ಓದಿ ತನ್ನಿ. ನಲ್ಲಿ ನೀರಿನಲ್ಲಿ ಕ್ಲೋರಿನ್, ಬೋರ್ ನೀರಿನಲ್ಲಿ ಉಪ್ಪು. ಎರಡೂ ತಾಮ್ರಕ್ಕೆ ಆಗುವುದಿಲ್ಲ. ಆರ್‌ಒ ನೀರೂ ಡಿಸ್ಟಿಲ್ಡ್ ನೀರಿಗೆ ಸಮನಲ್ಲ. ಶಾಲಾ ಕಾಲೇಜಿನ ಲ್ಯಾಬಿಗೆ ರಾಸಾಯನಿಕ ಕೊಡುವ ಅಂಗಡಿಯಲ್ಲಿ ಶುದ್ಧ ಅಸಿಟೋನ್ 500 ಮಿಲಿ. ಉಗುರುಬಣ್ಣ ತೆಗೆಯುವ ಬಾಟಲಿ ಇದಕ್ಕೆ ಬದಲಿಯಲ್ಲ, ಅದರಲ್ಲಿ ಎಣ್ಣೆ, ಸುಗಂಧ ಸೇರಿರುತ್ತದೆ. ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಶ್. ಬಿದಿರಿನ ಕಡ್ಡಿ. ಇನ್ನೊಂದಕ್ಕೆ ದುಡ್ಡೇ ಬೇಡ: ಹೊಲದ ಬದುವಿನ ಜಾಲಿ ಮುಳ್ಳು. ಸೂಜಿಗಿಂತ ಮೆತ್ತಗೆ, ಬಿದಿರಿಗಿಂತ ಚೂಪು. ಅಕ್ಷರದ ಸಂದಿನ ಮಣ್ಣು ಬಿಡಿಸಲು ಇದರಷ್ಟು ಒಳ್ಳೆಯ ಆಯುಧ ಕಿಟ್ಟಿನಲ್ಲಿಲ್ಲ.

ಕೆಲಸದ ಕ್ರಮ ಹೀಗೆ. ಮಣ್ಣು ಸಹಿತ ಎರಡೂ ಬದಿ ಫೋಟೋ, ತೂಕ, ಸಿಕ್ಕ ಜಾಗ ಬರೆದಿಡಿ. ಗಾಜಿನ ಬಟ್ಟಲಿನಲ್ಲಿ ಒಂದೊಂದೇ ನಾಣ್ಯವನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿ. ಬೇರೆ ಬೇರೆ ಲೋಹ ಒಂದೇ ಬಟ್ಟಲಿಗೆ ಬೇಡ. ದಿನಕ್ಕೊಮ್ಮೆ ನೀರು ಬದಲಿಸಿ. ಕೆಂಪು ಮಸಾರಿಯ ಮಣ್ಣು ಎರಡು ಮೂರು ದಿನಕ್ಕೆ ಬಿಡುತ್ತದೆ. ಎರೆಮಣ್ಣಿನದು ಹಟಮಾರಿ, ಜೇಡಿ ಒಣಗಿ ಸಿಮೆಂಟಿನಂತಾಗಿರುತ್ತದೆ, ಮೇಲೆ ಸುಣ್ಣದ ಬಿಳಿ ಚಕ್ಕೆ ಬೇರೆ. ವಾರ ಎರಡು ವಾರ ಹಿಡಿದರೂ ಆತುರ ಬೇಡ. ನೆಂದ ಮೇಲೆ ಮುಳ್ಳಿನಿಂದ ಮಣ್ಣನ್ನು ಮಾತ್ರ ತಳ್ಳಿ, ಒದ್ದೆ ಇರುವಾಗಲೇ. ಒಣಗಿದ್ದನ್ನು ಕೆರೆದರೆ ಕಿಲುಬಿನ ಪದರವೂ ಎದ್ದುಬರುತ್ತದೆ. ಮುಳ್ಳಿಗೆ ಬಗ್ಗದ ಗಟ್ಟಿ ಹಸಿರು, ಗಾಢ ಕಂದು, ಕಡು ಕೆಂಪು ಕಂಡ ಕೂಡಲೇ ನಿಲ್ಲಿಸಿ. ಅದೇ ನಾಣ್ಯ. ಕೊನೆಗೆ ಅಸಿಟೋನಿನಲ್ಲಿ ಎರಡು ಸಲ, ಐದೈದು ನಿಮಿಷ ಅದ್ದಿ ಒಣಗಿಸಿ. ಅಸಿಟೋನಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ: ಅಡುಗೆಮನೆಯಲ್ಲಿ ಬೇಡ, ಕಿಟಕಿ ತೆರೆದಿರಲಿ, ಬಟ್ಟಲು ಗಾಜಿನದೇ ಆಗಲಿ, ತೆಳು ಪ್ಲಾಸ್ಟಿಕ್ ಲೋಟ ಕರಗಬಹುದು.

ಚಿನ್ನಕ್ಕೆ ನೀರು, ಅಸಿಟೋನ್ ಬಿಟ್ಟು ಬೇರೇನೂ ಬೇಡ, ಬ್ರಶ್ಶೂ ಬೇಡ. ಬೆಳ್ಳಿಯ ಕಪ್ಪಿಗೆ ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡದ ಉಪಾಯ ಎಲ್ಲರಿಗೂ ಗೊತ್ತು: ಕಾಲು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ, ನಾಣ್ಯ ಹಾಳೆಗೆ ತಾಗಿರಬೇಕು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಆಗುತ್ತಿದೆ ಎಂದರ್ಥ. ಒಂದು ನಿಮಿಷ ಸಾಕು. ಟಂಕಸಾಲೆಯ ರೂಪಾಯಿಗೆ ಮಾತ್ರ ಇದು, ನೆಲದಲ್ಲಿದ್ದ ಪುರಾತನ ಬೆಳ್ಳಿಗೆ ಅಲ್ಲ. ಸಮನಾಗಿ ಕಪ್ಪಿಟ್ಟ ರೂಪಾಯಿಗೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ, ಆದ್ದರಿಂದ ಅದಕ್ಕೂ ಕೈ ಹಾಕದಿರುವುದೇ ಲೇಸು.

ತಾಮ್ರದಲ್ಲಿ ನಿಜವಾದ ಕಾಯಿಲೆ ಒಂದಿದೆ, ಕಂಚಿನ ರೋಗ ಎನ್ನುತ್ತಾರೆ. ಗಟ್ಟಿ ಹಸಿರು ಪದರ ಆರೋಗ್ಯವಂತ. ಬೆರಳಿಗೆ ಅಂಟುವ, ಉಪ್ಪಿನ ಪುಡಿಯಂಥ ತಿಳಿ ಹಸಿರು ಚುಕ್ಕೆ ಕಾಯಿಲೆ. ನಾಣ್ಯದ ಒಳಗೆ ಕೂತ ತಾಮ್ರದ ಕ್ಲೋರೈಡು ಗಾಳಿಯ ತೇವ, ಆಮ್ಲಜನಕ ಸಿಕ್ಕೊಡನೆ ಆಮ್ಲ ಬಿಡುತ್ತದೆ, ಆ ಆಮ್ಲ ಹೊಸ ತಾಮ್ರವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡು. ಪೊಟ್ಯಾಷ್ ಗೊಬ್ಬರ ಹಾಕುವ ಹೊಲದಲ್ಲಿ ಕ್ಲೋರೈಡಿಗೆ ಬರವಿಲ್ಲ, ಪೊಟ್ಯಾಷ್ ಎಂದರೆ ಪೊಟ್ಯಾಷಿಯಂ ಕ್ಲೋರೈಡೇ. ಬೇಸಿಗೆಯಲ್ಲಿ ತೆಪ್ಪಗಿದ್ದ ನಾಣ್ಯ ಜೂನ್ ಮಳೆಗೆ ಮೊಳಕೆ ಒಡೆಯುವುದು ಇದಕ್ಕೇ.

ಮದ್ದು ಕಿಟ್ಟಿನಲ್ಲಿ ಇಲ್ಲ, ಕಿರಾಣಿ ಅಂಗಡಿಯಲ್ಲಿದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಬಟ್ಟೆ ಒಗೆಯುವ ಸೋಡ 23 ಗ್ರಾಂ, ಅಡುಗೆ ಸೋಡ 19 ಗ್ರಾಂ. ಬಟ್ಟೆ ಸೋಡ ಒಣ ಪುಡಿಯಾಗಿದ್ದರೆ ಈ ಲೆಕ್ಕ. ಪಾರದರ್ಶಕ ಹರಳಾಗಿದ್ದರೆ ಅದರಲ್ಲಿ ನೀರು ಸೇರಿರುತ್ತದೆ, 62 ಗ್ರಾಂ ಬೇಕು. ಸುಗಂಧ, ನೀಲಿ ಸೇರಿಸಿದ ಡಿಟರ್ಜೆಂಟ್ ಪುಡಿ ತರಬೇಡಿ. ನಾಣ್ಯವನ್ನು ಇದರಲ್ಲಿ ಮುಳುಗಿಸಿ ವಾರಕ್ಕೊಮ್ಮೆ ದ್ರಾವಣ ಬದಲಿಸಿ. ನೀರು ನೀಲಿಗೆ ತಿರುಗಿದರೆ ಹಸಿರು ಪದರವೂ ಸ್ವಲ್ಪ ಕರಗುತ್ತಿದೆ, ಕಣ್ಣಿಟ್ಟಿರಿ. ತಿಂಗಳುಗಟ್ಟಲೆ ಹಿಡಿಯುವುದು ಮಾಮೂಲಿ. ಕ್ಲೋರೈಡು ಹೋಯಿತೋ ಇಲ್ಲವೋ ನೋಡಲು ದ್ರಾವಣದ ಐದಾರು ಹನಿಗೆ ಮೊದಲು ತೆಳು ನೈಟ್ರಿಕ್ ಆಮ್ಲ ಹಾಕಿ, ನೊರೆ ನಿಂತ ಮೇಲೆ ಸಿಲ್ವರ್ ನೈಟ್ರೇಟ್ ಒಂದು ಹನಿ. ಹಾಲಿನಂತೆ ಬೆಳ್ಳಗಾದರೆ ಇನ್ನೂ ಇದೆ. ಆಮ್ಲ ಹಾಕುವುದನ್ನು ಮರೆತರೆ ಸೋಡವೇ ಕಲಕಾಗಿ ಪ್ರತಿ ಸಲವೂ ಕ್ಲೋರೈಡು ಇದೆ ಎಂದೇ ತೋರುತ್ತದೆ. ಕಡೆಗೆ ಬರಿ ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕೈದು ದಿನ, ಅಸಿಟೋನ್, ಒಣಗಿಸುವುದು. ಆಮೇಲೆ ಒದ್ದೆ ಹತ್ತಿ ಇಟ್ಟ ಮುಚ್ಚಳದ ಡಬ್ಬಿಯಲ್ಲಿ, ಹತ್ತಿಗೆ ತಾಗದಂತೆ ಎರಡು ದಿನ ಇಡಿ. ತಿಳಿ ಹಸಿರು ಮತ್ತೆ ಕಂಡರೆ ಮೊದಲಿನಿಂದ. ಕಾಣದಿದ್ದರೆ ಮತ್ತೆ ಅಸಿಟೋನಿನಲ್ಲಿ ಅದ್ದಿ ಒಣಗಿಸಿ ಎತ್ತಿಡಿ.

ಸೀಸದ ನಾಣ್ಯಕ್ಕೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಚಿತ್ರದುರ್ಗದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಚಂದ್ರವಳ್ಳಿಯಲ್ಲಿ ಮೊದಲು ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನಗಳಲ್ಲಿ ರೋಮಿನ ಬೆಳ್ಳಿ ದಿನಾರಿಗಳ ಜೊತೆ ಶಾತವಾಹನ ಕಾಲದ ಸೀಸದ ನಾಣ್ಯಗಳೂ ಬಂದಿವೆ. ಗೂಳಿ, ಕಟಕಟೆಯೊಳಗಿನ ಮರ ಇರುವ, ಸದಕಣ ಕಳಲಾಯ ಮಹಾರಠಿಯ ಹೆಸರಿನವು ಈ ಸೀಮೆಯ ಗುರುತು. ಬೂದು ಬಣ್ಣ, ಗಾತ್ರಕ್ಕೆ ಮೀರಿದ ಭಾರ, ಸಂದಿಯಲ್ಲಿ ಬಿಳಿ ಪುಡಿ ಕಂಡರೆ ಸೀಸ. ಹುಣಸೆ, ನಿಂಬೆ, ವಿನಿಗರ್ ಹತ್ತಿರವೂ ತರಬೇಡಿ. ಡಿಸ್ಟಿಲ್ಡ್ ನೀರಿನಲ್ಲಿ ರಾತ್ರಿಯಿಡೀ ಬಿಟ್ಟರೂ ಸೀಸ ಕರಗುತ್ತದೆ. ಒಣ ಮೆತ್ತನೆ ಬ್ರಶ್ಶಿನಿಂದ ಮಣ್ಣು ಉದುರಿಸಿ ನಿಲ್ಲಿಸಿ. ಮರದ ಪೆಟ್ಟಿಗೆ, ರಟ್ಟಿನ ಡಬ್ಬಿಯಲ್ಲಿ ಇಡಬೇಡಿ. ಮರದಿಂದ ಹೊರಡುವ ಅಸಿಟಿಕ್ ಆಮ್ಲದ ಆವಿಯೇ ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಪುಡಿ ವಿಷ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಚಂದ್ರವಳ್ಳಿಯ ಹೆಸರು ಬಂದದ್ದಕ್ಕೆ: ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಬ್ರಹ್ಮಗಿರಿಯಂಥ ಸಂರಕ್ಷಿತ ಜಾಗಗಳಲ್ಲಿ ಡಿಟೆಕ್ಟರ್ ಹಿಡಿದು ಅಗೆಯುವುದು ಹವ್ಯಾಸವಲ್ಲ, ಅಪರಾಧ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಸ್ವಂತ ಹೊಲದಲ್ಲಿ ಸಿಕ್ಕರೂ ನಿಧಿ ಕಾಯ್ದೆ ಇದೆ. 1878ರ ಕೇಂದ್ರ ಕಾಯ್ದೆಯಲ್ಲಿ ಮಿತಿ ಹತ್ತು ರೂಪಾಯಿ, ಅದನ್ನು ಮೀರಿದ ನಿಧಿ ಸಿಕ್ಕರೆ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ಕಾಯ್ದೆ ಬೇರೆಯೇ ಇದೆ. ನೆಲದಲ್ಲಿ ಹೂತಿದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮಡಕೆಯಲ್ಲಿ ಹತ್ತಾರು ಒಟ್ಟಿಗೆ ಕಂಡರೆ ತೊಳೆಯುವ ಮಾತೇ ಇಲ್ಲ. ಅಗೆಯುವುದನ್ನೇ ನಿಲ್ಲಿಸಿ ತಹಶೀಲ್ದಾರರ ಕಚೇರಿಗೆ ಹೇಳಿ. ಯಾವ ಮಡಕೆ, ಎಷ್ಟು ಆಳ, ಜೊತೆಗೆ ಏನಿತ್ತು ಎಂಬುದು ನಾಣ್ಯದಷ್ಟೇ ಬೆಲೆಬಾಳುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಕಳಿಸುವುದಕ್ಕೂ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡಿ. ಡಬ್ಬಿಯ ಮೇಲೆ ನಿಧಿ ಹುಡುಕುವವನ ಚಿತ್ರ ಹಾಕುವವರು ಒಳಗಿನ ಚೀಟಿಯಲ್ಲಿ ಇದನ್ನು ಒಂದು ಸಾಲು ಬರೆಯಬಹುದಿತ್ತು.

ದೊಡ್ಡ ಕಿಟ್ಟಿನ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ. 600 ಮಿಲಿ ತೊಟ್ಟಿ, ಸುಮಾರು 40 ಕಿಲೋಹರ್ಟ್ಸ್, ಕನ್ನಡಕ, ಒಡವೆಗೆ ಮಾಡಿದ್ದು. ನೀರಿನಲ್ಲಿ ಏಳುವ ಸೂಕ್ಷ್ಮ ಗುಳ್ಳೆ ಒಡೆದು ಮಣ್ಣನ್ನು ಕಿತ್ತುಹಾಕುವುದು ನಿಜ, ಸಡಿಲ ಕಿಲುಬಿನ ಪದರವನ್ನೂ ಅದು ಅಷ್ಟೇ ಉತ್ಸಾಹದಿಂದ ಕೀಳುತ್ತದೆ. ಈಗಾಗಲೇ ಇದ್ದರೆ, 1835ರ ನಂತರದ ಗಟ್ಟಿ ನಾಣ್ಯಕ್ಕೆ ಮಾತ್ರ, ಒಂದು ಸಲಕ್ಕೆ ಒಂದೇ, ಸಣ್ಣ ಗಾಜಿನ ಬಟ್ಟಲಿನಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಆ ಬಟ್ಟಲನ್ನು ತೊಟ್ಟಿಯ ನೀರಿನಲ್ಲಿಟ್ಟು 90 ಸೆಕೆಂಡು. ನಾಲ್ಕು ನಾಣ್ಯ ಒಟ್ಟಿಗೆ ಹಾಕಿದರೆ ಒಂದನ್ನೊಂದು ಉಜ್ಜಿಕೊಂಡು ಅಂಚೆಲ್ಲ ಗೀರು. ತೊಟ್ಟಿಗೆ ಅಸಿಟೋನ್ ಸುರಿಯಬೇಡಿ, ಬೆಂಕಿ ಹತ್ತುತ್ತದೆ.

ಚೀಲಗಳ ವಿಷಯ ಒಂದೇ ಮಾತು: ಮೆತ್ತಗಿದ್ದು ಹೊಸ ರೈನ್‌ಕೋಟಿನ ವಾಸನೆ ಬಂದರೆ ಪಿವಿಸಿ, ಎಸೆಯಿರಿ. ಎರಡು ಮೂರು ವರ್ಷದಲ್ಲಿ ಅಂಟು ಹಸಿರು ಜಿಡ್ಡು ನಾಣ್ಯಕ್ಕೆ ಇಳಿಯುತ್ತದೆ. ಈಗಾಗಲೇ ಇಳಿದಿದ್ದರೆ ಅಸಿಟೋನ್ ತೆಗೆಯುತ್ತದೆ, ಒಳಗೆ ತಿಂದ ಗುಂಡಿ ಮಾತ್ರ ಹಾಗೇ ಉಳಿಯುತ್ತದೆ. ಗಡುಸಾದ ಮೈಲಾರ್, ಅಂದರೆ ಪಾಲಿಯೆಸ್ಟರ್ ಹಾಳೆಯ ಚೌಕಗಳನ್ನು ತರಿಸಿ, ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬೆಚ್ಚಗೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಈ ಬಾಟಲಿಯನ್ನೋ ಹುಣಸೆಹಣ್ಣನ್ನೋ ಬಳಸಿ ಆಗಲೇ ಗುಲಾಬಿ ಮಾಡಿಕೊಂಡ ನಾಣ್ಯ ಇದ್ದರೆ, ಗಂಧಕದ ದ್ರವ ಹಾಕಿ ಕೃತಕವಾಗಿ ಕಪ್ಪು ಬಣ್ಣ ಬರಿಸಲು ಹೋಗಬೇಡಿ. ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ, ಇದ್ದಬದ್ದ ಬೆಲೆಯೂ ಹೋಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಆಮ್ಲದ ಅಂಶ ಹೋಗುವವರೆಗೆ ತೊಳೆದು, ಅಸಿಟೋನಿನಲ್ಲಿ ಒಣಗಿಸಿ, ಧೂಳು ಬೀಳದ ಒಣ ಕಪಾಟಿನಲ್ಲಿ ಮೈಲಾರ್ ಹಾಳೆಯಿಂದ ಹೊರಗೆ ಇಡಿ. ವರ್ಷ ಕಳೆದರೆ ತಾಮ್ರ ತಾನಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ.